ಆರ್‌ಬಿಟಿ ಪರೀಕ್ಷೆ: ಇತಿಹಾಸ ಮತ್ತು ಸಿದ್ಧತೆ

ಆರ್‌ಬಿಟಿ ಪರೀಕ್ಷೆಯು ಆಟಿಸಂ (ಸ್ವಲೀನತೆ) ಇರುವ ಮಕ್ಕಳಿಗೆ ನೇರವಾಗಿ ವರ್ತನಾ ಚಿಕಿತ್ಸೆ ನೀಡುವ ಸಹಾಯಕ ಸಿಬ್ಬಂದಿಗಾಗಿ ಅಮೆರಿಕದಲ್ಲಿ ರೂಪುಗೊಂಡ ಅರ್ಹತಾ ಪರೀಕ್ಷೆ. ಆರ್‌ಬಿಟಿ ಎಂಬುದು ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್ ಎಂಬುದರ ಹ್ರಸ್ವರೂಪ. ಈ ತಂತ್ರಜ್ಞರು ಚಿಕಿತ್ಸೆಯ ಯೋಜನೆಯನ್ನು ತಾವೇ ರೂಪಿಸುವುದಿಲ್ಲ. ಸ್ನಾತಕೋತ್ತರ ಮಟ್ಟದ ಬಿಸಿಬಿಎ ಅರ್ಹತೆ ಪಡೆದ ವರ್ತನಾ ವಿಶ್ಲೇಷಕರು ಬರೆದುಕೊಟ್ಟ ಯೋಜನೆಯನ್ನು ಅವರ ಮೇಲ್ವಿಚಾರಣೆಯಲ್ಲಿ ನಡೆಸುತ್ತಾರೆ. ಪರೀಕ್ಷೆಯ ಸ್ವರೂಪವೆಲ್ಲ ಈ ಕೆಲಸದ ಹಂಚಿಕೆಯಿಂದಲೇ ಹುಟ್ಟಿದೆ.

ಹಿನ್ನೆಲೆ: ಯೋಜನೆ ಒಬ್ಬರದು, ನಡೆಸುವವರು ಇನ್ನೊಬ್ಬರು ಎಂಬ ಪದ್ಧತಿ ಹಳೆಯದು. ಬಿ. ಎಫ್. ಸ್ಕಿನ್ನರ್ ಪ್ರಯೋಗಾಲಯದಲ್ಲಿ ಕಂಡುಕೊಂಡ ಕಲಿಕೆಯ ತತ್ತ್ವಗಳನ್ನು ಆಸ್ಪತ್ರೆಗೆ ತಂದ ಟಿಯೊಡೊರೊ ಆಯ್ಲಾನ್ ಮತ್ತು ಜ್ಯಾಕ್ ಮೈಕೆಲ್, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮಾನಸಿಕ ಆಸ್ಪತ್ರೆಯೊಂದರಲ್ಲಿ ದಾದಿಯರಿಗೆ ತರಬೇತಿ ಕೊಟ್ಟು ರೋಗಿಗಳ ವರ್ತನೆಯಲ್ಲಿ ಬದಲಾವಣೆ ತಂದರು. 1959ರಲ್ಲಿ ಪ್ರಕಟವಾದ ಅವರ ಲೇಖನ ಈ ಕ್ಷೇತ್ರದ ಆರಂಭದ ಹೆಗ್ಗುರುತುಗಳಲ್ಲಿ ಒಂದು. 1968ರಲ್ಲಿ ಅನ್ವಯಿಕ ವರ್ತನಾ ವಿಶ್ಲೇಷಣೆಗೆ, ಅಂದರೆ ಎಬಿಎಗೆ, ಮೀಸಲಾದ ಸಂಶೋಧನಾ ಪತ್ರಿಕೆ ಆರಂಭವಾಯಿತು.

ಆಟಿಸಂ ಕ್ಷೇತ್ರದಲ್ಲಿ ತಿರುವು ತಂದವರು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐವರ್ ಲೊವಾಸ್. 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 19 ಮಕ್ಕಳಿಗೆ ವಾರಕ್ಕೆ ಸುಮಾರು 40 ಗಂಟೆಗಳಂತೆ ಎರಡು ವರ್ಷಕ್ಕೂ ಮೀರಿ ಒಬ್ಬೊಬ್ಬರಿಗೇ ಪಾಠ ನಡೆಯಿತು. ಅವರಲ್ಲಿ 9 ಮಕ್ಕಳು ಸಾಮಾನ್ಯ ತರಗತಿಗಳಲ್ಲಿ ಓದುವ ಮಟ್ಟ ತಲುಪಿದರೆಂಬುದು ವರದಿಯ ಸಾರ. ಮಕ್ಕಳನ್ನು ಗುಂಪುಗಳಿಗೆ ಹಂಚಿದ ಕ್ರಮ ಯಾದೃಚ್ಛಿಕವಾಗಿರಲಿಲ್ಲ, ದಂಡನೆಯ ವಿಧಾನಗಳನ್ನೂ ಬಳಸಲಾಗಿತ್ತು ಎಂಬ ಟೀಕೆಗಳು ಬಂದವು. ಹಾಗಿದ್ದರೂ ಬೇಡಿಕೆ ಬೆಳೆಯಿತು. ವಾರಕ್ಕೆ 40 ಗಂಟೆ ತಜ್ಞರೇ ಕೂರುವುದು ಸಾಧ್ಯವಿರಲಿಲ್ಲ. ಲೊವಾಸ್ ಅವರ ಯೋಜನೆಯಲ್ಲೂ ಪಾಠ ನಡೆಸಿದವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ಹೀಗೆ ಮಗುವಿನೊಂದಿಗೆ ಹೆಚ್ಚು ಹೊತ್ತು ಕಳೆಯುವವರೇ ಕಡಿಮೆ ಓದಿದವರು ಎಂಬ ಸ್ಥಿತಿ ನೆಲೆಗೊಂಡಿತು.

ಪ್ರಮಾಣಪತ್ರದ ಆರಂಭ: ನಿಯಂತ್ರಣವಿಲ್ಲದಿದ್ದರೆ ಏನಾಗಬಹುದು ಎಂಬುದು ಫ್ಲಾರಿಡಾದಲ್ಲಿ ಮೊದಲೇ ಬಯಲಾಗಿತ್ತು. 1970ರ ದಶಕದ ಆರಂಭದಲ್ಲಿ ಮಯಾಮಿಯ ಸನ್‌ಲ್ಯಾಂಡ್ ಕೇಂದ್ರದಲ್ಲಿ ವರ್ತನೆ ತಿದ್ದುವ ಹೆಸರಿನಲ್ಲಿ ಬುದ್ಧಿಮಾಂದ್ಯರ ಮೇಲೆ ನಡೆದ ಹಿಂಸೆ ಬೆಳಕಿಗೆ ಬಂತು. ರಾಜ್ಯವು ಮಾರ್ಗಸೂಚಿಗಳನ್ನು ರೂಪಿಸಿ, 1980ರ ದಶಕದಲ್ಲಿ ವರ್ತನಾ ವಿಶ್ಲೇಷಕರಿಗೆ ಪರೀಕ್ಷೆ ನಡೆಸತೊಡಗಿತು. ಆ ಕಾರ್ಯಕ್ರಮದ ಅನುಭವವಿದ್ದ ಜೆರಾಲ್ಡ್ ಶುಕ್ 1998ರಲ್ಲಿ ಬಿಹೇವಿಯರ್ ಅನಲಿಸ್ಟ್ ಸರ್ಟಿಫಿಕೇಷನ್ ಬೋರ್ಡ್ (ಬಿಎಸಿಬಿ) ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಮೊದಲು ಪ್ರಮಾಣಪತ್ರ ಕೊಟ್ಟದ್ದು ವಿಶ್ಲೇಷಕರಿಗೆ ಮತ್ತು ಸಹಾಯಕ ವಿಶ್ಲೇಷಕರಿಗೆ ಮಾತ್ರ. ತಂತ್ರಜ್ಞರು ಹದಿನಾರು ವರ್ಷ ಹೊರಗೇ ಉಳಿದರು.

ಅವರನ್ನು ಒಳಗೆ ತಂದದ್ದು ವಿಮೆ. 2001ರಲ್ಲಿ ಇಂಡಿಯಾನಾ, 2007ರಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯಗಳು ಆಟಿಸಂ ಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿಗಳು ಭರಿಸಬೇಕೆಂದು ಕಾನೂನು ಮಾಡಿದವು. 2019ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಇಂಥ ವ್ಯವಸ್ಥೆ ಬಂದಿತ್ತು. ಹಣ ಕೊಡುವವರು ಸೇವೆ ನೀಡುವವರ ಅರ್ಹತೆಗೆ ದಾಖಲೆ ಕೇಳತೊಡಗಿದರು. 2014ರಲ್ಲಿ ಬಿಎಸಿಬಿ ಆರ್‌ಬಿಟಿ ಪ್ರಮಾಣಪತ್ರವನ್ನು ಆರಂಭಿಸಿತು. ಆಗ ಲಿಖಿತ ಪರೀಕ್ಷೆ ಇರಲಿಲ್ಲ. ತರಬೇತಿ ಮತ್ತು ಕೌಶಲ ಪರಿಶೀಲನೆಯಷ್ಟೇ ಸಾಕಿತ್ತು. ಪರೀಕ್ಷೆ ಕಡ್ಡಾಯವಾದದ್ದು 2015ರ ಡಿಸೆಂಬರ್‌ನಲ್ಲಿ. ಸೇನಾ ಕುಟುಂಬಗಳ ಆರೋಗ್ಯ ಯೋಜನೆಯಾದ ಟ್ರೈಕೇರ್ ತಂತ್ರಜ್ಞರಿಗೆ ಪ್ರಮಾಣಪತ್ರ ಇರಲೇಬೇಕೆಂದಿತು. ಅದು ಆರ್‌ಬಿಟಿಯ ಜೊತೆಗೆ ಬೇರೆ ಸಂಸ್ಥೆಗಳ ಎಬಿಎಟಿ, ಬಿಸಿಎಟಿ ಪ್ರಮಾಣಪತ್ರಗಳನ್ನೂ ಮಾನ್ಯ ಮಾಡುತ್ತದೆ. ಆರ್‌ಬಿಟಿಗಳ ಸಂಖ್ಯೆ ಹತ್ತು ವರ್ಷದೊಳಗೇ ಒಂದು ಲಕ್ಷ ದಾಟಿತು.

ಅರ್ಹತೆ ಮತ್ತು ಪರೀಕ್ಷೆಯ ರಚನೆ: ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು, ಹೈಸ್ಕೂಲ್ ಶಿಕ್ಷಣ ಮುಗಿದಿರಬೇಕು, ಹಿನ್ನೆಲೆ ಪರಿಶೀಲನೆ ಆಗಿರಬೇಕು. ಅದಾದ ಮೇಲೆ 40 ಗಂಟೆಗಳ ತರಬೇತಿ ಮತ್ತು ಆರಂಭಿಕ ಕೌಶಲ ಪರಿಶೀಲನೆ. ಈ ಪರಿಶೀಲನೆಯಲ್ಲಿ ಅಭ್ಯರ್ಥಿಯು ಪರಿಶೀಲಕರ ಎದುರು ಮಗುವಿನೊಂದಿಗೆ ಅಥವಾ ಅಭಿನಯದ ಮೂಲಕ ಕೆಲಸ ಮಾಡಿ ತೋರಿಸಬೇಕು. ಇವೆಲ್ಲ ಮುಗಿದ ಮೇಲೆ ಪಿಯರ್ಸನ್ ವ್ಯೂ ಸಂಸ್ಥೆಯ ಮೂಲಕ ಕಂಪ್ಯೂಟರ್‌ನಲ್ಲಿ ಪರೀಕ್ಷೆ. 90 ನಿಮಿಷಗಳಲ್ಲಿ 85 ಬಹು ಆಯ್ಕೆಯ ಪ್ರಶ್ನೆಗಳು. ಅವುಗಳಲ್ಲಿ 10 ಪ್ರಶ್ನೆಗಳು ಪ್ರಾಯೋಗಿಕವಾಗಿದ್ದು ಅಂಕಕ್ಕೆ ಲೆಕ್ಕವಿಲ್ಲ. ಯಾವ ಹತ್ತು ಎಂಬುದು ಅಭ್ಯರ್ಥಿಗೆ ತಿಳಿಯದು.

ಪಠ್ಯಕ್ರಮ ಎರಡು ಬಾರಿ ಬದಲಾಗಿದೆ. 2019ರ ಜನವರಿಯಲ್ಲಿ ಎರಡನೆಯ ಆವೃತ್ತಿ, 2026ರ ಜನವರಿಯಲ್ಲಿ ಮೂರನೆಯ ಆವೃತ್ತಿ ಜಾರಿಗೆ ಬಂದವು. ಎರಡನೆಯ ಆವೃತ್ತಿಯಲ್ಲಿ ಅಂಕಕ್ಕೆ ಲೆಕ್ಕವಿದ್ದ 75 ಪ್ರಶ್ನೆಗಳ ಪೈಕಿ ಹೊಸ ಕೌಶಲಗಳ ಕಲಿಕೆಗೆ 24, ಅಳತೆಗೆ 12, ತೊಂದರೆಯ ವರ್ತನೆ ತಗ್ಗಿಸುವುದಕ್ಕೆ 12, ವೃತ್ತಿನಡತೆಗೆ 11, ದಾಖಲೆ ಮತ್ತು ವರದಿಗೆ 10, ಮೌಲ್ಯಮಾಪನಕ್ಕೆ 6 ಮೀಸಲಾಗಿದ್ದವು. ಹೊಸ ಆವೃತ್ತಿಯಲ್ಲೂ ಕಲಿಕೆಗೇ ದೊಡ್ಡ ಪಾಲು. ನೀತಿಗೆ ಪ್ರತ್ಯೇಕ ವಿಭಾಗವಿದೆ. ಪ್ರಮಾಣಪತ್ರವನ್ನು ಮೊದಲು ಪ್ರತಿವರ್ಷ ನವೀಕರಿಸಬೇಕಿತ್ತು. 2026ರಿಂದ ಅದು ಎರಡು ವರ್ಷಕ್ಕೊಮ್ಮೆ, 12 ಗಂಟೆಗಳ ವೃತ್ತಿ ತರಬೇತಿಯೊಂದಿಗೆ.

ಸಿದ್ಧತೆ: ಅಭ್ಯರ್ಥಿಗಳನ್ನು ಹೆಚ್ಚು ಕಾಡುವುದು ಒಂದನ್ನೊಂದು ಹೋಲುವ ಪರಿಕಲ್ಪನೆಗಳು. ಬರೆಯಲು ಹೇಳಿದಾಗ ಮಗು ಕಿರುಚುತ್ತದೆ, ಪುಸ್ತಕವನ್ನು ಪಕ್ಕಕ್ಕಿಡಲಾಗುತ್ತದೆ, ಮುಂದಿನ ಸಲ ಕಿರುಚಾಟ ಹೆಚ್ಚುತ್ತದೆ ಎನ್ನೋಣ. ಇದು ಶಿಕ್ಷೆಯಲ್ಲ, ಋಣಾತ್ಮಕ ಪುನರ್ಬಲನ: ಬೇಡದ್ದು ದೂರವಾದುದರಿಂದ ವರ್ತನೆ ಬಲಗೊಂಡಿದೆ. ವರ್ತನೆ ಹೆಚ್ಚಿದರೆ ಪುನರ್ಬಲನ, ತಗ್ಗಿದರೆ ಶಿಕ್ಷೆ. ಏನನ್ನಾದರೂ ಸೇರಿಸಿದರೆ ಧನಾತ್ಮಕ, ತೆಗೆದರೆ ಋಣಾತ್ಮಕ. ಅಳತೆಯಲ್ಲೂ ಇಂಥದೇ ತೊಡಕು. ಅವಧಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಜಿಸಿ, ತುಂಡಿನ ಯಾವುದೇ ಕ್ಷಣದಲ್ಲಿ ವರ್ತನೆ ಕಂಡರೂ ಗುರುತು ಹಾಕುವ ವಿಧಾನದಲ್ಲಿ ವರ್ತನೆ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತುಂಡಿನುದ್ದಕ್ಕೂ ಇದ್ದರೆ ಮಾತ್ರ ಗುರುತು ಹಾಕಿದರೆ ಕಡಿಮೆಯಾಗಿ ಕಾಣುತ್ತದೆ. ವ್ಯಾಖ್ಯೆಯನ್ನು ಉರು ಹೊಡೆದವರು ಸನ್ನಿವೇಶದ ಪ್ರಶ್ನೆಗಳಲ್ಲಿ ಎಡವುವುದು ಇಲ್ಲಿಯೇ.

ಪರಿಭಾಷೆಯನ್ನು ಗಟ್ಟಿಮಾಡಿಕೊಳ್ಳಲು ಅನೇಕರು ಬಳಸುವ ಸಾಫ್‌ಮೆಡ್ಸ್ ಎಂಬ ಚೀಟಿ ಅಭ್ಯಾಸ ಸ್ಕಿನ್ನರ್ ಅವರ ಶಿಷ್ಯ ಆಗ್ಡನ್ ಲಿಂಡ್ಸ್ಲಿ ರೂಪಿಸಿದ್ದು. ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ ಇರುವ ಚೀಟಿಗಳನ್ನು ಕಲಸಿ, ದಿನಕ್ಕೊಂದು ನಿಮಿಷ ವೇಗವಾಗಿ ಬಾಯಲ್ಲಿ ಹೇಳಿ, ಸರಿ-ತಪ್ಪುಗಳನ್ನು ಎಣಿಸಿಡುವುದು ಅದರ ಕ್ರಮ. ವೃತ್ತಿನಡತೆಯ ಪ್ರಶ್ನೆಗಳಿಗೆ ಮಾತ್ರ ಒಂದು ಸೂತ್ರ ಬಹುಪಾಲು ಸಾಲುತ್ತದೆ: ಯೋಜನೆಯನ್ನು ತಾನೇ ಬದಲಿಸಬಾರದು, ಪೋಷಕರು ಕೇಳಿದರೂ ಮೇಲ್ವಿಚಾರಕರಿಗೆ ತಿಳಿಸಬೇಕು. ಅನುತ್ತೀರ್ಣರಾದವರು ಏಳು ದಿನಗಳ ನಂತರ ಮತ್ತೆ ಬರೆಯಬಹುದು. ವರ್ಷದಲ್ಲಿ ಎಂಟು ಸಲದವರೆಗೆ ಅವಕಾಶವಿದೆ.

ಮಿತಿಗಳು: 40 ಗಂಟೆಗಳ ತರಬೇತಿ ಈ ಹೊಣೆಗೆ ತೀರಾ ಕಡಿಮೆ ಎಂಬ ಆಕ್ಷೇಪ ಇದೆ. ಕೈ ಅಲುಗಾಡಿಸುವಂಥ ನಿರುಪದ್ರವಿ ವರ್ತನೆಗಳನ್ನೂ ಅಡಗಿಸುವ ಚಿಕಿತ್ಸೆಯನ್ನು ಆಟಿಸಂ ಇರುವ ವಯಸ್ಕರು ತೀವ್ರವಾಗಿ ಟೀಕಿಸಿದ್ದಾರೆ. ಉತ್ತೀರ್ಣತೆ ಕನಿಷ್ಠ ತಿಳಿವಳಿಕೆಗೆ ಮಾತ್ರ ಸಾಕ್ಷಿ. ಆದುದರಿಂದಲೇ ತಂತ್ರಜ್ಞರು ತಿಂಗಳಲ್ಲಿ ಸೇವೆ ನೀಡಿದ ಗಂಟೆಗಳ ಕನಿಷ್ಠ ಶೇ. 5ರಷ್ಟು ಮೇಲ್ವಿಚಾರಣೆ ಪಡೆಯುವುದು ಕಡ್ಡಾಯ.

ಭಾರತ: 2023ರ ಜನವರಿಯಿಂದ ಬಿಎಸಿಬಿ ಅಮೆರಿಕ, ಕೆನಡಾ ಸೇರಿದಂತೆ ಕೆಲವೇ ದೇಶಗಳ ನಿವಾಸಿಗಳಿಂದ ಅರ್ಜಿ ಸ್ವೀಕರಿಸುತ್ತದೆ, ಭಾರತದಲ್ಲಿ ನೆಲೆಸಿರುವವರಿಗೆ ಆ ದಾರಿ ಮುಚ್ಚಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕವೂ ಸೇರಿ ದೇಶದಲ್ಲಿ ವಿಶೇಷ ಶಿಕ್ಷಕರಾಗಿ ನೋಂದಾಯಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಡಿಪ್ಲೊಮ ಅಥವಾ ಪದವಿ ಬೇಕು. ಆರ್‌ಬಿಟಿ ಅದಕ್ಕೆ ಬದಲಿಯಲ್ಲ.