ಕಟ್ಟಿದ್ದು, ಕೊಂಡದ್ದು: ಗೇಮಿಂಗ್ ಕಂಪ್ಯೂಟರಿನ ಐವತ್ತು ವರ್ಷ

1990ರ ದಶಕದ ನಡುಭಾಗದವರೆಗೂ ಕಂಪ್ಯೂಟರ್ ಜೋಡಿಸಲು ಕೂತವರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: ಕರಿ ತಂತಿಗಳು ಅಕ್ಕಪಕ್ಕ ಬರಬೇಕು. ಎಸ್‌ಎಂಪಿಎಸ್‌ನಿಂದ, ಅಂದರೆ ಇಡೀ ಯಂತ್ರಕ್ಕೆ ವಿದ್ಯುತ್ ಕೊಡುವ ಡಬ್ಬಿಯಿಂದ, ಪಿ8 ಮತ್ತು ಪಿ9 ಎಂಬ ಎರಡು ಕನೆಕ್ಟರ್‌ಗಳು ಹೊರಬರುತ್ತಿದ್ದವು. ಒಂದೊಂದಕ್ಕೂ ಆರು ತಂತಿ. ಎರಡನ್ನೂ ಮದರ್‌ಬೋರ್ಡಿನ ಒಂದೇ ಉದ್ದನೆಯ ಸಾಕೆಟ್ಟಿಗೆ ಪಕ್ಕಪಕ್ಕದಲ್ಲಿ ಸಿಕ್ಕಿಸಬೇಕು. ಅದಲುಬದಲಾಗಿ ಇಟ್ಟರೂ ತುಸು ಬಲ ಹಾಕಿದರೆ ಕೂತುಬಿಡುತ್ತಿದ್ದವು. ಹಾಗೆ ಕೂರಿಸಿ ಸ್ವಿಚ್ ಒತ್ತಿದರೆ ಬೋರ್ಡಿನ ಕತೆ ಮುಗಿದಂತೆಯೇ.

ಗೇಮಿಂಗ್ ಕಂಪ್ಯೂಟರನ್ನು ಕೈಯಾರೆ ಕಟ್ಟಬೇಕೋ, ಸಿದ್ಧವಾದದ್ದನ್ನು ಕೊಳ್ಳಬೇಕೋ ಎಂಬ ಮಾತು ಬಂದಾಗಲೆಲ್ಲ ಜನ ಮೊದಲು ತೆಗೆಯುವುದು ದುಡ್ಡಿನ ಲೆಕ್ಕ. ಆ ಲೆಕ್ಕ ಕೆಲವು ವರ್ಷಕ್ಕೊಮ್ಮೆ ಉಲ್ಟಾ ಹೊಡೆಯುತ್ತಲೇ ಬಂದಿದೆ. ನಿಜಕ್ಕೂ ಈ ಕ್ಷೇತ್ರವನ್ನು ಬೆಳೆಸಿದ್ದು ಮತ್ತು ಕಟ್ಟಿಹಾಕಿದ್ದು ಕನೆಕ್ಟರ್‌ಗಳ ಆಕಾರ, ಸ್ಕ್ರೂ ತೂತುಗಳ ನಡುವಿನ ಅಂತರ, ಒಬ್ಬರು ಮಾಡಿದ ಭಾಗ ಇನ್ನೊಬ್ಬರ ಪೆಟ್ಟಿಗೆಗೆ ಹೊಂದಬೇಕೆಂಬ ಒಪ್ಪಂದ. ಒಪ್ಪಂದ ಗಟ್ಟಿಯಿದ್ದಾಗ ಕಟ್ಟುವವರ ಕಾಲ, ಸಡಿಲವಾದಾಗ ಮಾರುವವರ ಕಾಲ.

ಶುರುವಿನಲ್ಲಿ ಈ ಆಯ್ಕೆಯೇ ಸರಿಯಾಗಿ ಇರಲಿಲ್ಲ. 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟಕ್ಕೆ ಬಂದ ಆಲ್ಟೇರ್ 8800 ಮುಖ್ಯವಾಗಿ ಕಿಟ್ ಆಗಿ ಮಾರಾಟವಾಯಿತು. ಬೆಸುಗೆ ಹಾಕುವುದು ಕೊಂಡವರ ಕೆಲಸ. ಜೋಡಿಸಿದ್ದೇ ಬೇಕೆಂದರೆ ಹೆಚ್ಚು ತೆರಬೇಕಿತ್ತು. ಮರುವರ್ಷ 666.66 ಡಾಲರಿಗೆ ಬಂದ ಆಪಲ್-1 ಸಿದ್ಧ ಬೋರ್ಡೇನೋ ಹೌದು, ಆದರೆ ಪೆಟ್ಟಿಗೆ, ಕೀಬೋರ್ಡ್, ಪರದೆ ಎಲ್ಲವೂ ಕೊಂಡವರದೇ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಯ ಬಿಡಿಭಾಗಗಳಿಂದಲೇ ಕಟ್ಟಿ, ಅದರೊಳಗಿನ ನಕ್ಷೆಗಳನ್ನೂ ಪುಸ್ತಕವಾಗಿ ಪ್ರಕಟಿಸಿದ್ದು ದೊಡ್ಡ ತಿರುವು. ಅದು ತನ್ನಲ್ಲೇ ಉಳಿಸಿಕೊಂಡದ್ದು ಯಂತ್ರವನ್ನು ಎಬ್ಬಿಸುವ ಬಯೋಸ್ ತಂತ್ರಾಂಶದ ಹಕ್ಕನ್ನು ಮಾತ್ರ. ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್, ಅದರ ಹಿಂದೆಯೇ ಕಾಂಪ್ಯಾಕ್ ಆ ಬಯೋಸನ್ನು ನಕಲು ಮಾಡದೆ ಹೊಸದಾಗಿ ಬರೆಸಿಕೊಂಡವು. ಆಮೇಲೆ ಫೀನಿಕ್ಸ್ ಕಂಪನಿ ಅಂಥ ಬಯೋಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ತೈವಾನಿನ ಕಾರ್ಖಾನೆಗಳಿಗೆ ಬೇಕಿದ್ದದ್ದೂ ಅದೇ. 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಿಂದ ಮೈಕೇಲ್ ಡೆಲ್ ಶುರುಮಾಡಿದ ವ್ಯಾಪಾರವೂ ಇದೇ ಬಿಡಿಭಾಗಗಳದ್ದು. ಇವತ್ತು ‘ರೆಡಿಮೇಡ್’ ಎಂದರೆ ನೆನಪಾಗುವ ಹೆಸರು ಹುಟ್ಟಿದ್ದು ಜೋಡಿಸುವವನ ಕೈಯಲ್ಲಿ.

ಆಟದವರು ಈ ಕತೆಗೆ ಬಂದದ್ದು ತಡವಾಗಿ. 1993ರ ಡಿಸೆಂಬರಿನಲ್ಲಿ ‘ಡೂಮ್’ ಬಂದಾಗ ಕಚೇರಿಯ ಕಂಪ್ಯೂಟರೇ ಆಟದ ಕಂಪ್ಯೂಟರ್. ಸೌಂಡ್ ಕಾರ್ಡ್ ಹಾಕಿಕೊಂಡವರು ಮಾತ್ರ ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1 ಎಂದು ಮಂತ್ರದಂತೆ ಬಾಯಿಪಾಠ ಮಾಡಿರಬೇಕಿತ್ತು. 1995ರಲ್ಲಿ ಎರಡು ಬದಲಾವಣೆ ಒಟ್ಟಿಗೇ ಬಂದವು. ವಿಂಡೋಸ್ 95 ಆ ಅಂಕಿಗಳನ್ನು ತಾನೇ ಹಂಚಲು ಶುರುಮಾಡಿತು (ಮೊದಮೊದಲು ತಪ್ಪಾಗಿಯೇ ಹಂಚುತ್ತಿತ್ತು, ಆ ಮಾತು ಬೇರೆ). ಇಂಟೆಲ್ ಎಟಿಎಕ್ಸ್ ಎಂಬ ಮಾನದಂಡವನ್ನು ಹೊರತಂದಿತು. ಪಿ8-ಪಿ9 ಹೋಗಿ, ಒಂದೇ ದಿಕ್ಕಿನಲ್ಲಿ ಕೂರುವ 20 ಪಿನ್ನಿನ ಒಂದೇ ಕನೆಕ್ಟರ್ ಬಂತು. ಬೋರ್ಡಿನ ತೂತು ಎಲ್ಲಿರಬೇಕು, ಹಿಂಬದಿಯ ಕಿಂಡಿ ಎಷ್ಟಿರಬೇಕು ಎಲ್ಲವೂ ಲೆಕ್ಕಕ್ಕೆ ಸಿಕ್ಕವು. ಮೂವತ್ತು ವರ್ಷದ ಹಿಂದಿನ ಒಳ್ಳೆಯ ಎಟಿಎಕ್ಸ್ ಕ್ಯಾಬಿನೆಟ್ಟಿಗೆ ಇವತ್ತಿನ ಬೋರ್ಡನ್ನು ಸ್ಕ್ರೂ ಹಾಕಿ ಕೂರಿಸಬಹುದು. ಗಾಳಿಯಾಟ ಸಾಲದೆ ಅದು ಬೇಯುವುದು ಖರೆ, ಆದರೆ ತೂತು ತಪ್ಪುವುದಿಲ್ಲ. ಗಳಿಗೆಗೊಂದು ರೂಪ ತಾಳುವ ಈ ಉದ್ಯಮದಲ್ಲಿ ಇಷ್ಟು ಬಾಳಿದ ಇನ್ನೊಂದು ವಸ್ತು ನನಗಂತೂ ಹೊಳೆಯುತ್ತಿಲ್ಲ.

1996ರಲ್ಲಿ ತ್ರೀಡಿಎಫ್ಎಕ್ಸ್ ಕಂಪನಿಯ ವೂಡೂ ಚಿಪ್ ಬಂತು. ಆ ಕಾರ್ಡಿಗೆ ಮಾಮೂಲಿ ಪರದೆಯ ಕೆಲಸವೇ ಬರುತ್ತಿರಲಿಲ್ಲ. ಇದ್ದ ಗ್ರಾಫಿಕ್ಸ್ ಕಾರ್ಡಿನಿಂದ ಒಂದು ಗಿಡ್ಡ ಕೇಬಲ್ ಎಳೆದು ಇದರೊಳಗೆ ಹಾಯಿಸಿ, ಅಲ್ಲಿಂದ ಮಾನಿಟರಿಗೆ ಕೊಡಬೇಕು. ಆಟ ಶುರುವಾದೊಡನೆ ವೂಡೂ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಅಂಗಡಿಯ ಕಂಪ್ಯೂಟರುಗಳಲ್ಲಿ ಇಂಥದ್ದು ಸಿಗುತ್ತಿರಲಿಲ್ಲವಾದ್ದರಿಂದ ‘ಕ್ವೇಕ್’ ಆಡುವ ಹುಡುಗರು ಪೆಟ್ಟಿಗೆ ಬಿಚ್ಚಲು ಕಲಿತರು. 1998ರ ಸೆಲೆರಾನ್ 300ಎ ಅವರನ್ನು ಇನ್ನಷ್ಟು ಕೆಡಿಸಿತು. 66 ಮೆಗಾಹರ್ಟ್ಸ್ ಬಸ್ಸಿನ (ಚಿಪ್ಪು-ಬೋರ್ಡಿನ ನಡುವಿನ ದಾರಿಯ) ನಾಲ್ಕೂವರೆ ಪಟ್ಟು ವೇಗದಲ್ಲಿ, ಅಂದರೆ 300ರಲ್ಲಿ, ಓಡುವ ಅಗ್ಗದ ಚಿಪ್ ಅದು. ಬಸ್ಸನ್ನು 100ಕ್ಕೆ ಏರಿಸಿದರೆ 450. ಅದಕ್ಕೆ ಅವಕಾಶವಿಲ್ಲದ ಬೋರ್ಡಾಗಿದ್ದರೆ, ಪ್ರೊಸೆಸರಿನ ಅಂಚಿನಲ್ಲಿ ಬಿ21 ಎಂಬ ಒಂದೇ ಒಂದು ಸಂಪರ್ಕಬಿಂದುವಿನ ಮೇಲೆ ಟೇಪಿನ ಚೂರು ಅಂಟಿಸಿದರೆ ಸಾಕು, ಬೋರ್ಡ್ ಅದನ್ನು 100ರ ಚಿಪ್ ಎಂದೇ ನಂಬುತ್ತಿತ್ತು. ಎಷ್ಟೋ ಪಟ್ಟು ದುಬಾರಿಯ ಪೆಂಟಿಯಮ್-2ರ ಓಟ ಒಂದು ಚೂರು ಟೇಪಿಗೆ ಸಿಕ್ಕಿತು. ಕಟ್ಟುವವರಿಗೆ ಇದಕ್ಕಿಂತ ಸುಭಿಕ್ಷ ಕಾಲ ಮತ್ತೆ ಬರಲಿಲ್ಲ. ಮುಂದೆ ಇಂಟೆಲ್ ವೇಗಕ್ಕೆ ಬೀಗವಿಲ್ಲದ ಚಿಪ್ಪುಗಳಿಗೆ ‘ಕೆ’ ಅಕ್ಷರ ಅಂಟಿಸಿ ಹೆಚ್ಚಿನ ಬೆಲೆಗೆ ಮಾರತೊಡಗಿತು.

ಕಟ್ಟುವ ಹುಚ್ಚಿಗೆ ಬೆಲೆಯಿದೆ ಎಂದು ಕಂಡುಕೊಂಡವರೂ ಇದ್ದರು. 1992ರಲ್ಲಿ ಫಾಲ್ಕನ್ ನಾರ್ತ್‌ವೆಸ್ಟ್, 1996ರಲ್ಲಿ ಮಯಾಮಿಯಲ್ಲಿ ಏಲಿಯನ್‌ವೇರ್, ಕೆನಡಾದ ಕ್ಯಾಲ್ಗರಿಯಲ್ಲಿ ರಾಹುಲ್ ಸೂದ್ ಅವರ ವೂಡೂಪಿಸಿ. ಇವರು ಕಟ್ಟಿಕೊಡುತ್ತಿದ್ದದ್ದು ಅದೇ ಎಟಿಎಕ್ಸ್ ಭಾಗಗಳಿಂದ. ಗಿರಾಕಿ ತೆರುತ್ತಿದ್ದದ್ದು ಬಣ್ಣಕ್ಕೆ, ಒಪ್ಪವಾಗಿ ಕಟ್ಟಿದ ಕೇಬಲ್ಲಿಗೆ, ಕೆಟ್ಟರೆ ಫೋನೆತ್ತುವವರಿಗೆ. 2006ರಲ್ಲಿ ಡೆಲ್ ಏಲಿಯನ್‌ವೇರನ್ನೂ ಎಚ್‌ಪಿ ವೂಡೂಪಿಸಿಯನ್ನೂ ಕೊಂಡವು. ಕುಶಲಕರ್ಮಿಗಳ ಅಂಗಡಿ ಕಾರ್ಖಾನೆಯ ಒಂದು ವಿಭಾಗವಾಯಿತು.

ನಮ್ಮಲ್ಲಿ ದಾರಿ ಬೇರೆ. ಅಮೆರಿಕದಲ್ಲಿ ಕಟ್ಟುವುದು ಹವ್ಯಾಸ, ಕೊಳ್ಳುವುದು ರೂಢಿ. ಇಲ್ಲಿ ಕಟ್ಟಿಸುವುದೇ ರೂಢಿ. ಬ್ರ್ಯಾಂಡೆಡ್ ಕಂಪ್ಯೂಟರ್ ಬ್ಯಾಂಕಿಗೆ, ಸರ್ಕಾರಿ ಕಚೇರಿಗೆ; ಮನೆಗೆ ಅಸೆಂಬಲ್ಡ್. ದೆಹಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಬೆಂಗಳೂರಿಗೆ ಎಸ್.ಪಿ. ರೋಡ್ ಹಾಗೆ. ಮೊದಲ ಅಂಗಡಿಯಲ್ಲಿ ಕೊಟೇಶನ್ ಬರೆಸಿ, ಆ ಚೀಟಿ ಹಿಡಿದು ಎರಡನೆಯ ಅಂಗಡಿಗೆ, ಅಲ್ಲಿಂದ ಮೂರನೆಯದಕ್ಕೆ. ಪ್ರೊಸೆಸರಿನಲ್ಲಿ ನೂರಿನ್ನೂರು ಬಿಡುವವನು ಮದರ್‌ಬೋರ್ಡಿನಲ್ಲಿ ಏರಿಸಿರುತ್ತಾನೆ, ಅಥವಾ ಬೋರ್ಡಿನ ಮಾದರಿಯ ಹೆಸರನ್ನೇ ಪೂರ್ತಿ ಬರೆದಿರುವುದಿಲ್ಲ. ಕೊನೆಗೆ ಅಂಗಡಿಯ ಹುಡುಗ ಕೌಂಟರಿನ ಮೇಲೇ ಅರ್ಧ ಗಂಟೆಯಲ್ಲಿ ಜೋಡಿಸಿ ಕೊಡುತ್ತಾನೆ. ಇದು ಪಶ್ಚಿಮದವರು ಹೇಳುವ ಅರ್ಥದಲ್ಲಿ ಕೈಯಾರೆ ಕಟ್ಟಿದ್ದೂ ಅಲ್ಲ, ಕಾರ್ಖಾನೆಯಿಂದ ಕೊಂಡದ್ದೂ ಅಲ್ಲ. ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದಂತೆ.

ಆ ಕೊಟೇಶನ್‌ನಲ್ಲಿ ಬಲು ನಿರುಪದ್ರವಿಯಂತೆ ಕೂತಿರುತ್ತಿದ್ದ ಒಂದು ಸಾಲು: ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಎಸ್‌ಎಂಪಿಎಸ್ ಪುಕ್ಕಟೆ ಎಂಬಷ್ಟು ಅಗ್ಗ. ಮೇಲೆ 450 ವಾಟ್ ಎಂದು ದಪ್ಪಕ್ಷರ. ಪಕ್ಕದ ಸಣ್ಣ ಕೋಷ್ಟಕ ಓದಿದರೆ ಬಣ್ಣ ಬಯಲು. ಗೇಮಿಂಗ್ ಯಂತ್ರದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಅಲ್ಲಿ 15 ಆಂಪಿಯರ್ ಎಂದಿದ್ದರೆ ನಿಜವಾಗಿ ಸಿಗುವುದು 180 ವಾಟ್. ಕಚೇರಿ ಕೆಲಸಕ್ಕೆ ಧಾರಾಳ. ಅದೇ ಯಂತ್ರಕ್ಕೆ ಮಗ ಹಟ ಹಿಡಿದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಆಟದ ನಡುವೆ ತಟಕ್ಕನೆ ಆಫ್. ದೂರು ಮಾತ್ರ ಕಾರ್ಡಿನ ಮೇಲೆ. ಅಸೆಂಬಲ್ಡ್ ಕಂಪ್ಯೂಟರು ಬಾಳುವುದಿಲ್ಲ ಎಂಬ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಈ ಒಂದು ಸಾಲಿನದು ಎಂದೇ ನನ್ನ ಎಣಿಕೆ.

ನಮ್ಮ ಊರುಗಳಿಗೆ ಹೊಂದಿಸಿಕೊಳ್ಳಬೇಕಾದ ಬೇರೆ ಸಂಗತಿಗಳೂ ಇವೆ. ವಿದೇಶಿ ವಿಮರ್ಶಕರು ಶಾಖವನ್ನು ಅಳೆಯುವುದು ಇಪ್ಪತ್ತರ ಆಸುಪಾಸಿನ ತಂಪು ಕೋಣೆಯಲ್ಲಿ. ಏಪ್ರಿಲಿನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೋಣೆಯೇ 38 ಡಿಗ್ರಿ ಇದ್ದರೆ, ಅವರ ಅಂಕಿಗೆ ಹದಿನೈದನ್ನು ಕೂಡಿಸಿಯೇ ಕೂಲರ್ ಆರಿಸಬೇಕು. ಇನ್ನು ಅಗ್ಗದ ಯುಪಿಎಸ್‌ಗಳು ಕರೆಂಟ್ ಹೋದಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಎಳೆಯುವ ವಿದ್ಯುತ್ತನ್ನು ಹದಗೊಳಿಸುವ ಆಕ್ಟಿವ್ ಪಿಎಫ್‌ಸಿ ಮಂಡಲ ಇರುವ ಒಳ್ಳೆಯ ಎಸ್‌ಎಂಪಿಎಸ್ ಕೆಲವೊಮ್ಮೆ ಅದನ್ನು ಒಪ್ಪದೆ ಯಂತ್ರವನ್ನೇ ಆರಿಸಿಬಿಡುತ್ತದೆ. ಒಳ್ಳೆಯದನ್ನು ಕೊಂಡವರಿಗೇ ಈ ಶಿಕ್ಷೆ.

ಮತ್ತೆ ದೊಡ್ಡ ಕಂಪನಿಗಳತ್ತ. 1990ರ ದಶಕದ ಕೊನೆಯಲ್ಲಿ ಡೆಲ್‌ನ ಹಲವು ಮಾದರಿಗಳಲ್ಲಿ ಇದ್ದದ್ದು ನೋಡಲು ಥೇಟ್ ಎಟಿಎಕ್ಸ್ ಕನೆಕ್ಟರ್, ಒಳಗೆ ತಂತಿಗಳ ಕ್ರಮ ಮಾತ್ರ ಬೇರೆ. ಬೋರ್ಡನ್ನೋ ಎಸ್‌ಎಂಪಿಎಸ್ಸನ್ನೋ ಮಾತ್ರ ಹೊಸದು ಹಾಕಿದರೆ ಪಿ8-ಪಿ9 ಕಾಲದ ಅನಾಹುತವೇ ಮರುಕಳಿಸುತ್ತಿತ್ತು. 2004ರಲ್ಲಿ ಇಂಟೆಲ್ ಬಿಸಿಯೇರಿದ ತನ್ನ ಪೆಂಟಿಯಮ್-4ಗಳಿಗಾಗಿ ಎಟಿಎಕ್ಸ್ ಬದಲಿಗೆ ಬಿಟಿಎಕ್ಸ್ ತಂದಿತು. ಡೆಲ್, ಗೇಟ್‌ವೇ ಒಪ್ಪಿದವು. ಬಿಡಿಭಾಗದ ಮಾರುಕಟ್ಟೆ ಕಣ್ಣೆತ್ತಿಯೂ ನೋಡಲಿಲ್ಲ. 2006ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು.

ಮುಂದೆ ಯೂಟ್ಯೂಬ್ ಬಂದು ಕಟ್ಟುವುದನ್ನು ಕಣ್ಣಾರೆ ತೋರಿಸಿತು, ಪಿಸಿಪಾರ್ಟ್‌ಪಿಕರ್‌ನಂಥ ತಾಣ ಯಾವುದು ಯಾವುದಕ್ಕೆ ಹೊಂದುತ್ತದೆಂದು ಹೇಳಿತು. ಕಟ್ಟಿದರೆ ಅಗ್ಗ ಎಂಬುದು ನಾಣ್ನುಡಿಯಂತೆ ಆಗಿಹೋಯಿತು. ಅದನ್ನು ಕೆಡವಿದ್ದು ಕ್ರಿಪ್ಟೋ. 2017-18ರಲ್ಲೊಮ್ಮೆ, ಕೋವಿಡ್ ಜತೆ ಸೇರಿ 2020ರಿಂದ 2022ರವರೆಗೆ ಇನ್ನೊಮ್ಮೆ ಗ್ರಾಫಿಕ್ಸ್ ಕಾರ್ಡುಗಳು ಕ್ರಿಪ್ಟೋ ನಾಣ್ಯ ಹುಟ್ಟಿಸುವ ಗಣಿಗಾರಿಕೆಯ ಶೆಡ್ಡುಗಳ ಪಾಲಾದವು. 699 ಡಾಲರ್ ಎಂದು ಘೋಷಣೆಯಾದ ಆರ್‌ಟಿಎಕ್ಸ್ 3080 ಕಾಳಸಂತೆಯಲ್ಲಿ ದುಪ್ಪಟ್ಟಿಗೆ ಹೋಯಿತು. ಸಗಟಿನಲ್ಲಿ ಮುಂಗಡ ಕೊಟ್ಟಿದ್ದ ಕಂಪನಿಗಳ ಹತ್ತಿರ ಕಾರ್ಡಿದ್ದವು. ಇಡೀ ಕಂಪ್ಯೂಟರ್ ಕೊಂಡು, ಕಾರ್ಡ್ ಕಿತ್ತುಕೊಂಡು, ಉಳಿದದ್ದನ್ನು ಮಾರಿದವರೂ ಇದ್ದಾರೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯನ್ನೇ ನಿಲ್ಲಿಸಿದ ಮೇಲೆ ಆ ಬಿರುಗಾಳಿ ಅಡಗಿತು.

ಕಾರ್ಡುಗಳ ಆ ಬರದ ದಿನಗಳಲ್ಲೇ ಸಿದ್ಧ ಯಂತ್ರಗಳ ಹೊಟ್ಟೆಯನ್ನೂ ಜನ ನೋಡತೊಡಗಿದರು. ಗೇಮರ್ಸ್ ನೆಕ್ಸಸ್ ವಾಹಿನಿಯ ಸ್ಟೀವ್ ಬರ್ಕ್ ಬಳಗ ಗುರುತು ಹೇಳದೆ ಕೊಂಡು, ಬಿಚ್ಚಿ, ಅಳೆದು ತೋರಿಸಿದ್ದು ಒಂದೇ ಬಗೆಯ ಜಿಪುಣತನವನ್ನು. ಖರ್ಚು ಉಳಿಸುವುದು ಜಾಹೀರಾತಿನಲ್ಲಿ ಹೆಸರು ಬರದ ಕಡೆ. ‘16 ಜಿಬಿ’ ಎಂದರೆ ಒಂದೇ ರ‍್ಯಾಮ್ ಕಡ್ಡಿ. ಎಂಟೆಂಟರ ಎರಡು ಹಾಕಿದ್ದರೆ ಎರಡು ಚಾನೆಲ್ ತೆರೆಯುತ್ತಿದ್ದವು. ಒಂದರಲ್ಲಿ ಮೆಮೊರಿಯ ಹರಿವು ಅರ್ಧಕ್ಕಿಳಿಯುತ್ತದೆ. ಬೋರ್ಡ್, ಎಸ್‌ಎಂಪಿಎಸ್ ಎರಡೂ ಆ ಪೆಟ್ಟಿಗೆಗೇ ಮಾಡಿದವು. ಐದು ವರ್ಷದ ಮೇಲೆ ಒಂದು ಕೆಟ್ಟರೆ ಎರಡನ್ನೂ ಎಸೆಯಬೇಕು. 2021ರಲ್ಲಿ ಏಲಿಯನ್‌ವೇರ್ ಅರೋರಾದ ಕೆಲವು ಮಾದರಿಗಳನ್ನು ಕ್ಯಾಲಿಫೋರ್ನಿಯಾ ಸೇರಿ ಅಮೆರಿಕದ ಆರು ರಾಜ್ಯಗಳಿಗೆ ಡೆಲ್ ಕಳಿಸಲಾಗಲಿಲ್ಲ. ಸುಮ್ಮನಿದ್ದಾಗಲೂ ಅವು ಎಳೆಯುತ್ತಿದ್ದ ವಿದ್ಯುತ್ ಅಲ್ಲಿನ ಹೊಸ ಮಿತಿಯನ್ನು ಮೀರಿತ್ತು.

ಕಟ್ಟುವವರ ಮನೆಯ ದೋಸೆಯೂ ತೂತೇ. 2022ರ ಅಕ್ಟೋಬರಿನಲ್ಲಿ ಬಂದ, 450 ವಾಟ್ ಉಣ್ಣುವ ಆರ್‌ಟಿಎಕ್ಸ್ 4090 ಕಾರ್ಡಿನ 16 ಪಿನ್ನಿನ ಹೊಸ ಕನೆಕ್ಟರ್ ಅಲ್ಲಲ್ಲಿ ಕರಗಿತು. ಪೂರ್ತಿ ಒಳಗೆ ಕೂರದಿದ್ದರೂ ಕೂತಂತೆ ಕಾಣುವುದೇ ಅದರ ದೊಡ್ಡ ದೋಷ. ಜತೆಗೆ ಪ್ರತಿ ಭಾಗಕ್ಕೂ ಬೇರೆ ವಾರಂಟಿ, ಬೇರೆ ಸರ್ವಿಸ್ ಸೆಂಟರ್. ಯಂತ್ರ ಆನ್ ಆಗದಿದ್ದರೆ ತಪ್ಪು ಯಾರದೆಂದು ಪತ್ತೆ ಮಾಡುವುದು ನಿಮ್ಮ ತಲೆನೋವು. ಬದಲಿಸಿ ನೋಡಲು ಇನ್ನೊಂದು ರ‍್ಯಾಮ್, ಇನ್ನೊಂದು ಎಸ್‌ಎಂಪಿಎಸ್ ಯಾರ ಮನೆಯಲ್ಲಿರುತ್ತದೆ? ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿಗೆ ಹೊತ್ತೊಯ್ಯಬಹುದು. ಶಿರಸಿಯಲ್ಲೋ ಬೀದರಿನಲ್ಲೋ ಇರುವವರಿಗೆ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯಿದ್ದರೆ, ನಾನು ಸಿದ್ಧ ಯಂತ್ರವನ್ನೇ ಹೇಳುತ್ತೇನೆ. ಬೋರ್ಡೂ ಎಸ್‌ಎಂಪಿಎಸ್ಸೂ ಎಟಿಎಕ್ಸ್ ಅಳತೆಯವೋ ಎಂದು ಲಿಖಿತವಾಗಿ ಕೇಳಿಕೊಂಡು.

ಈಗ ಒಪ್ಪಂದ ಸಡಿಲುವ ಸೂಚನೆಗಳು ಬೇರೆ ದಿಕ್ಕಿನಿಂದ ಬರುತ್ತಿವೆ. ಬಿಚ್ಚಿ ಕಟ್ಟಬಹುದಾದ ಲ್ಯಾಪ್‌ಟಾಪಿಗೆ ಹೆಸರಾದ ಫ್ರೇಮ್‌ವರ್ಕ್ ಕಂಪನಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಡೆಸ್ಕ್‌ಟಾಪಿನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿದೆ. ಎಎಂಡಿಯ ಆ ಚಿಪ್ಪಿಗೆ ಬೇಕಾದ 256 ಬಿಟ್ ಅಗಲದ ಮೆಮೊರಿ ದಾರಿಯನ್ನು ಬಿಚ್ಚುವ ಕಡ್ಡಿಗಳಲ್ಲಿ ಕೊಟ್ಟರೆ ಸಂಕೇತ ಕೆಡುತ್ತದಂತೆ. ಕಾರಣದಲ್ಲಿ ಮೋಸವಿಲ್ಲ, ಅದೇ ಚಿಂತೆಯ ವಿಷಯ. ಅದೇ ವರ್ಷದ ನವೆಂಬರಿನಲ್ಲಿ ವಾಲ್ವ್ ಘೋಷಿಸಿದ ಪುಟ್ಟ ಸ್ಟೀಮ್ ಮಷೀನ್‌ನಲ್ಲೂ ಗ್ರಾಫಿಕ್ಸ್ ಚಿಪ್ಪನ್ನು ಬದಲಿಸುವಂತಿಲ್ಲ.

ಇನ್ನೊಂದೆಡೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಗುಡಿಸಿಕೊಂಡು ಹೋಗುತ್ತಿವೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್, ಮನೆಬಳಕೆಯವರಿಗೆ ದಶಕಗಳಿಂದ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನು ಮುಚ್ಚುವುದಾಗಿ ಹೇಳಿತು. ದಾಸ್ತಾನಿರುವ ದೊಡ್ಡ ತಯಾರಕರದು ಸದ್ಯಕ್ಕೆ ಮೇಲುಗೈ. ದಾಸ್ತಾನಿಲ್ಲದ ಅಮೆರಿಕದ ಕೆಲವು ಸಣ್ಣ ಜೋಡಣೆಗಾರರು ಪರಿಹಾರವನ್ನೂ ಕಂಡುಕೊಂಡಿದ್ದಾರೆ: ಕಂಪ್ಯೂಟರ್ ಪೂರ್ತಿ ಸಿದ್ಧ, ರ‍್ಯಾಮ್ ಮಾತ್ರ ನೀವೇ ತಂದು ಹಾಕಿಕೊಳ್ಳಿ.