ಬೂಟಿನ ಬಕಲ್ ಮತ್ತು ಚರ್ಮದ ಹೆಣಿಗೆ

ಒಂದು ಚೌಕಟ್ಟು, ಅದರಲ್ಲೊಂದು ಮುಳ್ಳು, ತೂತುಗಳಿರುವ ಒಂದು ಪಟ್ಟಿ. ಬಕಲ್ ಎಂದರೆ ಇಷ್ಟೆ. ಈ ಸರಳ ಸಾಧನ 17ನೇ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಆಸ್ಥಾನ ಉಡುಪಿನ ಆಭರಣವಾಯಿತು. ಲಂಡನ್ನಿನ ಸ್ಯಾಮ್ಯುಯಲ್ ಪೆಪಿಸ್ ತಾನು ಬೂಟಿಗೆ ಬಕಲ್ ಹಾಕತೊಡಗಿದ್ದನ್ನು 1660ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಬಕಲ್‌ಗಳ ಹೊಳಪಿನ ಹಿಂದೆ ಬೆಳಕಿನ ನಿಯಮಗಳಿವೆ. ಸಿರಿವಂತರು ಬೆಳ್ಳಿ, ವಜ್ರಗಳನ್ನು ಬಳಸಿದರೆ ಉಳಿದವರಿಗೆ ಸೀಸದ ಗಾಜಿನ ಹರಳು. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಸೀಸದ ಆಕ್ಸೈಡ್ ಸಾಕಷ್ಟು ಬೆರೆತಾಗ ಅದು 1.6ನ್ನು ಮೀರುತ್ತದೆ. ವಜ್ರದ್ದು 2.42. ಸೂಚ್ಯಂಕ ಹೆಚ್ಚಿದಂತೆ ಕ್ರಾಂತಿಕೋನ ಕಿರಿದಾಗುತ್ತದೆ. ಒಳಹೊಕ್ಕ ಬೆಳಕಿನ ಹೆಚ್ಚು ಪಾಲು ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಹಿಂದಿರುಗುತ್ತದೆ. ಗಾಜಿನ ಕೊರತೆಯನ್ನು ತುಂಬಲು ಹರಳಿನ ಬೆನ್ನಿಗೆ ಲೋಹದ ತೆಳುಹಾಳೆ ಇಡುತ್ತಿದ್ದರು. ನಮ್ಮ ಕುಂದಣದ ಕೆಲಸದಲ್ಲೂ ಇದೇ ಉಪಾಯವಿದೆ.

18ನೇ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮ್ ಬಕಲ್ ತಯಾರಿಕೆಯ ದೊಡ್ಡ ಕೇಂದ್ರ. ಉಗಿಯಂತ್ರದ ಉದ್ಯಮದಲ್ಲಿ ಜೇಮ್ಸ್ ವಾಟ್‌ನ ಪಾಲುದಾರನಾದ ಮ್ಯಾಥ್ಯೂ ಬೌಲ್ಟನ್ ಉಕ್ಕಿನ ಬಕಲ್‌ಗಳನ್ನೂ ತಯಾರಿಸುತ್ತಿದ್ದ. ಅಷ್ಟರಲ್ಲಿ ಬೂಟಿನ ದಾರ ಬಳಕೆಗೆ ಬಂತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸಂಕಷ್ಟದಲ್ಲಿದ್ದಾರೆಂದು ತಯಾರಕರು 1791ರಲ್ಲಿ ವೇಲ್ಸ್ ರಾಜಕುಮಾರನಿಗೆ ಮನವಿ ಸಲ್ಲಿಸಿದರು. ತನ್ನ ಪರಿವಾರ ಬಕಲ್ ಧರಿಸಬೇಕೆಂದು ಆತ ಆಜ್ಞಾಪಿಸಿದರೂ ಫ್ಯಾಷನ್ ಮರಳಲಿಲ್ಲ. ಬಕಲ್ ಆಸ್ಥಾನದ ವಿಧ್ಯುಕ್ತ ಉಡುಪಿನಲ್ಲಷ್ಟೆ ಉಳಿಯಿತು; ಸಾವಿರಾರು ಕೈಗಳು ಕೆಲಸ ಕಳೆದುಕೊಂಡವು.

ನಮ್ಮಲ್ಲಿ ಕತೆಯೇ ಬೇರೆ. ಕೊಲ್ಹಾಪುರಿ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಕದ ವ್ಯಾಪ್ತಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಈ ವ್ಯಾಪ್ತಿಯೊಳಗಿವೆ. ಸಾಂಪ್ರದಾಯಿಕ ಚಪ್ಪಲಿಯಲ್ಲಿ ಬಕಲ್ ಇಲ್ಲ, ಮೊಳೆಯೂ ಇಲ್ಲ. ಚರ್ಮದ ದಾರವೇ ಹೊಲಿಗೆ, ಚರ್ಮದ ಹೆಣಿಗೆಯೇ ಅಲಂಕಾರ. ಜಾಲಿ ತೊಗಟೆ, ಅಳಲೆಕಾಯಿಗಳ ಟ್ಯಾನಿನ್ ಚರ್ಮದ ಪ್ರೋಟೀನಿನೊಂದಿಗೆ ಬೆಸೆದು ಅದು ಕೊಳೆಯದಂತೆ ಕಾಯುತ್ತದೆ. ಇಂಥ ಚರ್ಮಕ್ಕೆ ಕಬ್ಬಿಣ ತಾಗಿ ತೇವವಾದರೆ ಕಪ್ಪು ಕಲೆ ಬೀಳುತ್ತದೆ.

ಹರಳಯ್ಯ–ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದುಕೆ ಮಾಡಿದರೆಂಬ ಕತೆ ಈ ನಾಡಿನಲ್ಲಿ ಮನೆಮಾತು. ಅವರು ಮಾಡಿದ ಪಾದುಕೆಯನ್ನು ಬಸವಣ್ಣ ತಲೆಯ ಮೇಲೆ ಹೊತ್ತರೆನ್ನುತ್ತದೆ ಕತೆ. ಆದರೂ ಚರ್ಮ ಹದ ಮಾಡುವವರ ಈ ರಸಾಯನ ಜ್ಞಾನಕ್ಕೆ ನಮ್ಮ ಪಠ್ಯಗಳಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಶಿಕ್ಷಕರು ತರಗತಿಯಲ್ಲಿ ಹೀಗೆ ಮಾಡಿ ತೋರಿಸಬಹುದು: ಅಳಲೆಕಾಯಿಯ ಕಷಾಯದಲ್ಲಿ ತುಕ್ಕು ಹಿಡಿದ ಮೊಳೆಯೊಂದನ್ನು ಒಂದು ರಾತ್ರಿ ನೆನೆಹಾಕಿ. ಕಷಾಯ ಕಪ್ಪಾಗುತ್ತದೆ. ಹಿಂದಿನವರು ಬರೆಯುವ ಮಸಿಯನ್ನೂ ಇದೇ ಕ್ರಿಯೆಯಿಂದ ಪಡೆಯುತ್ತಿದ್ದರು.