ಸಹೀಫಾದಿಂದ ಜಾಲತಾಣದವರೆಗೆ: ಸ್ವಂತ ಪುಟವೊಂದರ ಇತಿಹಾಸ

ಬಿಡದಿ ಕೈಗಾರಿಕಾ ಪ್ರದೇಶದ ಜುಮಾ ಊರೊಳಗಿನ ಜುಮಾದಂತಲ್ಲ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದವರು, ಮಧ್ಯಾಹ್ನದ ಪಾಳಿಗೆ ಹೊರಟವರು, ಎಲ್ಲರೂ ಕಾರ್ಖಾನೆಯ ಸಮವಸ್ತ್ರದಲ್ಲೇ ಸಫ್‌ನಲ್ಲಿ ನಿಲ್ಲುತ್ತಾರೆ. ಸಲಾಮ್ ಹೇಳಿದ ಐದು ನಿಮಿಷದಲ್ಲಿ ಮಸೀದಿ ಬರಿದಾಗುತ್ತದೆ. ಅಂತಹ ಒಂದು ಶುಕ್ರವಾರ ಚನ್ನಪಟ್ಟಣದ ಯುವಕನೊಬ್ಬ ಹೊರಡದೆ ಕಾದು ನಿಂತಿದ್ದ. “ಹಜ್ರತ್, ನಿಮ್ಮ ಬಯಾನ್ ಉರ್ದುವಿನಲ್ಲಿದೆ. ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮಕ್ಕಳಿಗೆ ಉರ್ದು ಓದಲು ಬಾರದು. ಅವರು ಕನ್ನಡ ಶಾಲೆಗೆ ಹೋಗುತ್ತಾರೆ. ಇದನ್ನೇ ಕನ್ನಡದಲ್ಲಿ ಬರೆದುಕೊಡಿ. ಜಾಲತಾಣ ನಾನೇ ಮಾಡುತ್ತೇನೆ” ಎಂದ.

ನನಗೆ ತಕ್ಷಣ ನೆನಪಾದದ್ದು ಅಬೂ ಶಾಹ್(ರ) ಅವರ ಪ್ರಸಂಗ. ಮಕ್ಕಾ ವಿಜಯದ ಸಂದರ್ಭದಲ್ಲಿ ಪ್ರವಾದಿವರ್ಯರು(ಸ) ಮಾಡಿದ ಪ್ರವಚನವನ್ನು ಕೇಳಿದ ಯಮನ್ ದೇಶದ ಈ ಸಾಮಾನ್ಯ ಮನುಷ್ಯ, ಅದನ್ನು ತನಗೆ ಬರೆಸಿಕೊಡಬೇಕೆಂದು ಕೋರಿದರು. ಪ್ರವಾದಿವರ್ಯರು(ಸ) ಬರೆದುಕೊಡುವಂತೆ ಆಜ್ಞಾಪಿಸಿದರು. ಇದು ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಅಬೂ ಶಾಹ್ ಪ್ರಸಿದ್ಧ ವಿದ್ವಾಂಸರಲ್ಲ, ದೊಡ್ಡ ಮುಖಂಡರೂ ಅಲ್ಲ. ಕೇಳಿದ ಮಾತು ಮನೆ ತಲುಪುವಷ್ಟರಲ್ಲಿ ಕಳೆದುಹೋಗಬಾರದೆಂಬ ಆತಂಕವೊಂದೇ ಅವರ ಹೆಸರನ್ನು ಇತಿಹಾಸದಲ್ಲಿ ಉಳಿಸಿತು.

ಆ ಕಾಲದಲ್ಲಿ ಬರೆಯುವುದೇನೂ ನಿರಾತಂಕವಾದ ಕೆಲಸವಾಗಿರಲಿಲ್ಲ. ಕುರ್‌ಆನಿನೊಂದಿಗೆ ಬೇರೆ ಮಾತು ಬೆರೆತುಹೋದೀತೆಂಬ ಕಾರಣದಿಂದ ಆರಂಭದಲ್ಲಿ ಹದೀಸ್ ಬರೆಯದಂತೆ ತಡೆಯೂ ಇತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಹಜ್ರತ್ ಅಬ್ದುಲ್ಲಾ ಇಬ್ನ್ ಅಮ್ರ್(ರ) ಅವರು ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದರು. ಪ್ರವಾದಿಯವರೂ(ಸ) ಮನುಷ್ಯರು, ಕೋಪದಲ್ಲಿಯೂ ಸಂತೋಷದಲ್ಲಿಯೂ ಮಾತನಾಡುತ್ತಾರೆ, ಎಲ್ಲವನ್ನೂ ಬರೆಯುವುದೇಕೆ ಎಂದು ಕೆಲವರು ಆಕ್ಷೇಪಿಸಿದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ತಮ್ಮ ಬಾಯಿಯತ್ತ ಬೆರಳು ತೋರಿ, ಇಲ್ಲಿಂದ ಸತ್ಯವಲ್ಲದೆ ಬೇರೇನೂ ಹೊರಡದು, ಬರೆಯಿರಿ ಎಂಬರ್ಥದಲ್ಲಿ ಅನುಮತಿ ನೀಡಿದರು. ಆ ಹಾಳೆಗಳ ಸಂಗ್ರಹಕ್ಕೆ ಅಬ್ದುಲ್ಲಾ(ರ) ಇಟ್ಟ ಹೆಸರು ‘ಅಸ್ಸಹೀಫತುಸ್ಸಾದಿಕಾ’. ಅರ್ಥಾತ್ ಸತ್ಯವಾದ ಹಾಳೆ. ಅದು ಯಾವುದೇ ಆಡಳಿತದ ಕಡತವಾಗಿರಲಿಲ್ಲ. ಒಬ್ಬ ವ್ಯಕ್ತಿ ತನ್ನ ಕೈಯಾರೆ ಬರೆದು, ತಾನೇ ಹೆಸರಿಟ್ಟು, ತಾನೇ ಜೋಪಾನ ಮಾಡಿದ ಪುಟವಾಗಿತ್ತು.

ಇನ್ನೊಂದು ಸಹೀಫಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಹಜ್ರತ್ ಅಬೂ ಹುರೈರಾ(ರ) ಅವರ ಶಿಷ್ಯ ಹಮ್ಮಾಮ್ ಇಬ್ನ್ ಮುನಬ್ಬಿಹ್(ರಹ್) ಗುರುಗಳಿಂದ ಕೇಳಿದ 138 ಹದೀಸ್‌ಗಳನ್ನು ಒಂದು ಪುಟ್ಟ ಸಂಗ್ರಹವಾಗಿ ಬರೆದಿಟ್ಟಿದ್ದರು. ಅದರ ಹಸ್ತಪ್ರತಿಗಳು ಬರ್ಲಿನ್ ಮತ್ತು ಡಮಾಸ್ಕಸ್‌ನಲ್ಲಿ ಉಳಿದಿದ್ದವು. ಅವುಗಳನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದವರು ನಮ್ಮ ನೆರೆಯ ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಡಾ. ಮುಹಮ್ಮದ್ ಹಮೀದುಲ್ಲಾಹ್. ಇಮಾಮ್ ಅಹ್ಮದ್(ರಹ್) ಅವರ ಮುಸ್ನದ್‌ನಲ್ಲಿರುವ ಪಾಠಕ್ಕೂ ಈ ಹಸ್ತಪ್ರತಿಗಳ ಪಾಠಕ್ಕೂ ಇರುವ ಹೊಂದಾಣಿಕೆ, ಹದೀಸ್‌ಗಳು ಬಹುಕಾಲದ ನಂತರ ಹುಟ್ಟಿಕೊಂಡವು ಎಂಬ ವಾದಕ್ಕೆ ಬಲವಾದ ಉತ್ತರವಾಯಿತು.

ಹಾಳೆ ಅಷ್ಟು ಶತಮಾನ ಬದುಕಿದ್ದು ಹೇಗೆ? ಕಾಗದದ ಗಟ್ಟಿತನದಿಂದಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅದನ್ನು ಗುರುವಿನ ಮುಂದೆ ಓದಿ, ನಕಲು ಮಾಡಿ, ಯಾರಿಂದ ಪಡೆದೆವೆಂಬುದನ್ನು ಮೇಲೆ ಬರೆದರು. ಹಳೆಯ ಹದೀಸ್ ಹಸ್ತಪ್ರತಿಗಳ ಅಂಚಿನಲ್ಲಿ, ಕೊನೆಯ ಪುಟಗಳಲ್ಲಿ ‘ಸಮಾಅ್’ ಟಿಪ್ಪಣಿಗಳಿರುತ್ತವೆ: ಯಾವ ಊರಿನಲ್ಲಿ, ಯಾವ ದಿನ, ಯಾರು ಓದಿದರು, ಯಾರು ಯಾರು ಕುಳಿತು ಕೇಳಿದರು ಎಂದು. ಅಬ್ದುಲ್ಲಾ ಇಬ್ನ್ ಮುಬಾರಕ್(ರಹ್) ಸನದನ್ನು ಧರ್ಮದ ಭಾಗವೆಂದೇ ಪರಿಗಣಿಸಿದ್ದು ಇದೇ ಕಾರಣಕ್ಕೆ. ಇಂದು ವಾಟ್ಸ್ಆಪ್‌ನಲ್ಲಿ ಬರೆದವರ ಹೆಸರಿಲ್ಲದೆ ತೇಲುವ ‘ಹದೀಸ್’ಗಳನ್ನು ಕಂಡಾಗಲೆಲ್ಲ ನನಗೆ ಆ ಅಂಚಿನ ಟಿಪ್ಪಣಿಗಳು ನೆನಪಾಗುತ್ತವೆ.

ಈಗ ನಮ್ಮ ಭಾಷೆಗೆ ಬರೋಣ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು, ಮುದ್ರಣವಾದದ್ದು ಕಲ್ಲಚ್ಚಿನಲ್ಲಿ. ನಮ್ಮ ಮದ್ರಸಗಳ ಹಳೆಯ ಉರ್ದು ಕಿತಾಬುಗಳೂ ಕಲ್ಲಚ್ಚಿನವೇ. ನಸ್ತಾಲೀಕ್ ಲಿಪಿಯ ಬಾಗು ಬಳುಕುಗಳು ಸೀಸದ ಅಚ್ಚುಮೊಳೆಗೆ ಒಗ್ಗದ ಕಾರಣ, ಕಾತಿಬ್ ಕೈಯಲ್ಲಿ ಬರೆದದ್ದನ್ನೇ ಕಲ್ಲಿನಿಂದ ಅಚ್ಚೊತ್ತುತ್ತಿದ್ದರು. ಒತ್ತಕ್ಷರ, ಕಾಗುಣಿತಗಳ ಕನ್ನಡವೂ ಅಚ್ಚುಮೊಳೆಯವರಿಗೆ ಸುಲಭದ ತುತ್ತಾಗಿರಲಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಈ ಎರಡು ಲಿಪಿಗಳೂ ಬಾಗಿಲಲ್ಲಿ ಸ್ವಲ್ಪ ಕಾಲ ನಿಲ್ಲಬೇಕಾಗಿ ಬಂದಿದೆ.

ಗಣಕಯಂತ್ರದ ವಿಷಯದಲ್ಲೂ ಹಾಗೆಯೇ ಆಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಈ ಕಥೆಯಲ್ಲಿ ಮುಖ್ಯವಾದುದು. ಅಕ್ಷರದ ಆಕಾರವನ್ನಲ್ಲ, ಧ್ವನಿಯನ್ನು ಒತ್ತುವುದು ಅದರ ತತ್ತ್ವ: ಮೊದಲು ವ್ಯಂಜನ, ಆಮೇಲೆ ಸ್ವರ. ಕಾಯಿದಾ ಓದುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾದದ್ದೇ ಇಲ್ಲ. ‘ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು’ ಎನ್ನುವುದೂ ಅದೇ ತರ್ಕ. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದರು; ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಅದು ಹೆಸರಾಗಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. 1999ರ ಆಗಸ್ಟಿನಲ್ಲಿ ಬ್ಲಾಗರ್ ಸೇವೆ ಅಮೆರಿಕದಲ್ಲಿ ಆರಂಭವಾಯಿತು. ಅದೇ ವರ್ಷದ ಕೊನೆಗೆ ನಮ್ಮ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ವಾಹನಗಳು ಹೊರಬರತೊಡಗಿದವು. ಎರಡನೆಯದು ನಮಗೆಲ್ಲ ಗೊತ್ತಾಯಿತು. ಮೊದಲನೆಯದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಅಂದಿನ ಕನ್ನಡ ಪುಟಗಳಿಗೆ ಒಂದು ಒಳರೋಗವಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಲಾಗಿತ್ತು. ನೋಡುವವನ ಕಣ್ಣಿಗೆ ಅದು ಕನ್ನಡ. ಯಂತ್ರದ ಲೆಕ್ಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಕಸ ಚೆಲ್ಲಿದಂತೆ ಕಾಣುತ್ತಿತ್ತು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆಗಳನ್ನು ಕೊಟ್ಟಿತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ಅರಬಿಯ ಅಲಿಫ್‌ನ ಸಂಖ್ಯೆ 1575. ಎಡದಿಂದ ಬಲಕ್ಕೆ ಸಾಗುವ ಕನ್ನಡವೂ ಬಲದಿಂದ ಎಡಕ್ಕೆ ಸಾಗುವ ಆಯತ್ತೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಕೂರಲು ಇದರಿಂದ ಸಾಧ್ಯವಾಯಿತು. ಆದರೆ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ಬರುವವರೆಗೆ ಸಾಮಾನ್ಯ ಬಳಕೆದಾರನಿಗೆ ಅದರ ಪ್ರಯೋಜನ ದೊರೆತಿರಲಿಲ್ಲ. ಹಳೆಯ ಫಾಂಟುಗಳ ಅಭ್ಯಾಸ ಆಮೇಲೂ ಬಿಡಲಿಲ್ಲ.

ಈ ಅಭ್ಯಾಸದ ಬೆಲೆಯನ್ನು ನಾನೂ ತೆತ್ತಿದ್ದೇನೆ. ಬಿ.ಎ. ಮುಗಿಸಿದ ಹೊಸತರಲ್ಲಿ ಸೀರತ್ ಕುರಿತು ಬರೆದ ಸುಮಾರು 40 ಲೇಖನಗಳನ್ನು ಪರಿಚಿತರೊಬ್ಬರು ತಮ್ಮ ತಾಣದಲ್ಲಿ ಹಾಕಿದ್ದರು. ಅವರು ಕೆಲಸಕ್ಕೆಂದು ಗಲ್ಫ್‌ಗೆ ಹೋದರು. ವಿಳಾಸದ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ತಾಣ ಮುಚ್ಚಿತು. ತಪ್ಪು ಅವರದಲ್ಲ, ಇನ್ನೊಂದು ಪ್ರತಿ ಇಡದ ನನ್ನದು. ಕೊನೆಗೆ ಒಂದು ಹಳೆಯ ಸಿ.ಡಿ. ಸಿಕ್ಕಿತು. ಪರಿವರ್ತಕ ತಂತ್ರಾಂಶದಿಂದ ಕನ್ನಡವೇನೋ ಮರಳಿತು, ಆದರೆ ಅರಬಿ ಆಯತ್ತುಗಳಿದ್ದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ರಮಝಾನಿನ ಒಂದು ತಿಂಗಳು ಮುಸ್‌ಹಫ್ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಸರಿಪಡಿಸಿದೆ. ಹನ್ನೆರಡು ಲೇಖನಗಳು ಸಿಗಲೇ ಇಲ್ಲ.

ಕನ್ನಡ ಮುಸ್ಲಿಮರ ಬರವಣಿಗೆಯ ಭಾರವನ್ನು ಬಹುಕಾಲ ಹೊತ್ತದ್ದು ಕರಾವಳಿ. 1978ರಲ್ಲಿ ಮಂಗಳೂರಿನಿಂದ ಹೊರಟ ‘ಸನ್ಮಾರ್ಗ’ ವಾರಪತ್ರಿಕೆ, ಅದೇ ನಗರದ ಶಾಂತಿ ಪ್ರಕಾಶನದ ಗ್ರಂಥಗಳು, 2003ರಲ್ಲಿ ಆರಂಭವಾದ ‘ವಾರ್ತಾಭಾರತಿ’ ದಿನಪತ್ರಿಕೆ, ಇವೆಲ್ಲ ಮೊದಲು ಕಾಗದದಲ್ಲಿ, ಅನಂತರ ಅಂತರಜಾಲದಲ್ಲಿ ಕನ್ನಡ ಓದುವ ನಮ್ಮ ಮನೆಗಳಿಗೆ ಆಸರೆಯಾದವು. ಅವರು ‘ನಮಾಝ್’ ಎಂದು ಬರೆಯುತ್ತಾರೆ, ಮೈಸೂರು ಸೀಮೆಯ ನಾವು ‘ನಮಾಜ್’ ಎನ್ನುತ್ತೇವೆ. ಒಂದು ರೂಪವನ್ನು ಹುಡುಕಿದವನಿಗೆ ಇನ್ನೊಂದು ರೂಪದ ಬರಹ ಸಿಗದೇ ಹೋಗಬಹುದು. ಸಣ್ಣ ಸಂಗತಿಯೆಂದು ತೋರಬಹುದು, ಆದರೆ ಮಗುವೊಂದು ಮಸಲಾ ಹುಡುಕುವಾಗ ಸಣ್ಣದಲ್ಲ. ಜ಼ಕಾರದ ಕೆಳಗಿನ ನುಕ್ತಾ ಚಿಹ್ನೆಗೆ ಯುನಿಕೋಡ್‌ನಲ್ಲಿ ಕನ್ನಡದ ಸ್ಥಾನ ದೊರೆತದ್ದೂ 2003ರಲ್ಲಿ. ಅದನ್ನು ಬಳಸುವವರು ಇಂದಿಗೂ ವಿರಳ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮುಸ್ಲಿಮರ ಸ್ಥಿತಿ ಬೇರೆ. ಮನೆಮಾತು ದಖನಿ, ಮದ್ರಸದ ಭಾಷೆ ಉರ್ದು, ಶಾಲೆ ಮತ್ತು ಸಂತೆಯ ಭಾಷೆ ಕನ್ನಡ. ರೇಷ್ಮೆ ನೂಲು ಬಿಚ್ಚಿದವರು, ಆಲೆ ಮರ ಕಡೆದು ಗೊಂಬೆ ಮಾಡಿದವರು ತಮ್ಮ ಬಗ್ಗೆ ಯಾವ ಭಾಷೆಯಲ್ಲೂ ಹೆಚ್ಚು ಬರೆದುಕೊಳ್ಳಲಿಲ್ಲ. ಚನ್ನಪಟ್ಟಣದ ಅರಗಿನ ಕೆಲಸ, ವಾದ್ಯಗಳ ಉಕ್ಕಿನ ತಂತಿ, ಟಿಪ್ಪು ಸುಲ್ತಾನರು ತಮ್ಮ ಗುರು ಅಕಿಲ್ ಶಾಹ್ ಖಾದ್ರಿಯವರಿಗೆ ಕಟ್ಟಿಸಿದ ಗೋರಿ, ಇವನ್ನು ತಿಳಿಯಲು ನಾವು ಬಿ. ಎಲ್. ರೈಸ್ ಅವರ ಇಂಗ್ಲಿಷ್ ಗೆಜೆಟಿಯರನ್ನು ತೆರೆಯಬೇಕು. ರೈಸ್ ಪರಿಶ್ರಮಿ ವಿದ್ವಾಂಸರು, ಅವರಿಗೆ ಕೃತಜ್ಞರಾಗಿರೋಣ. ಆದರೆ ನಮ್ಮ ಅಜ್ಜಂದಿರ ಹೆಸರು ಅವರಿಗೆ ಹೇಗೆ ತಿಳಿದೀತು?

ಈ ಯೋಚನೆಗಳೊಂದಿಗೆ ಮುಂದಿನ ಶುಕ್ರವಾರ ಯುವಕನಿಗೆ ಒಪ್ಪಿಗೆ ಕೊಟ್ಟೆ, ಕೆಲವು ಷರತ್ತುಗಳೊಡನೆ. ಬರಹವೆಲ್ಲ ಯುನಿಕೋಡ್‌ನಲ್ಲಿರಬೇಕು. ಪ್ರತಿ ಬರಹದ ಮೇಲೆ ಬರೆದವರ ಹೆಸರು, ದಿನಾಂಕ. ಹದೀಸ್ ಇದ್ದರೆ ಗ್ರಂಥ ಮತ್ತು ಸಂಖ್ಯೆ. ತಪ್ಪು ಕಂಡುಬಂದರೆ ಸದ್ದಿಲ್ಲದೆ ಅಳಿಸದೆ, ತಿದ್ದಿದ್ದೇವೆಂದು ಬರೆಯಬೇಕು. ವಿಳಾಸವನ್ನು ಇಬ್ಬರ ಹೆಸರಿನ ಜವಾಬ್ದಾರಿಯಲ್ಲಿಟ್ಟು, ಒಬ್ಬರು ಊರು ಬಿಟ್ಟರೆ ಅಥವಾ ಕಣ್ಣು ಮುಚ್ಚಿದರೆ ಇನ್ನೊಬ್ಬರು ಶುಲ್ಕ ಕಟ್ಟಬೇಕು. ವಕ್ಫ್ ಆಸ್ತಿಗೆ ಮುತವಲ್ಲಿ ಇದ್ದಂತೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಮುದ್ರಿಸಿ ಮದ್ರಸದ ಕಪಾಟಿನಲ್ಲಿಡಬೇಕು. ಕೊನೆಯದಕ್ಕೆ ಅವನು ನಕ್ಕ, ಆದರೆ ಒಪ್ಪಿದ.

ಮೊದಲ ಬರಹ ನನ್ನದಾಗಲಿ ಎಂದು ಅವನು ಹೇಳಿದಾಗ ನಾನು ಬೇಡವೆಂದೆ. ಹದಿನೈದು ದಿನಗಳ ನಂತರ ಅವನೇ ಬರೆದು ತಂದ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ, ಕೇದಗೆ ಗರಿಯಿಂದ ಹೊಳಪು ಕೊಡುತ್ತಿದ್ದ ತನ್ನ ಅಜ್ಜನ ಬಗ್ಗೆ ಎರಡು ಪುಟ. ಕೆಲವು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿಕೊಟ್ಟೆ. ಕೊನೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ. ಇದನ್ನು ದಾದಿಯಿಂದ ಕೇಳಿದೆ, ಚನ್ನಪಟ್ಟಣದ ನಮ್ಮ ಮನೆಯಲ್ಲಿ, ಇಶಾ ನಮಾಜಿನ ನಂತರ. ಆಗ ನನ್ನ ಇಬ್ಬರು ಮಕ್ಕಳೂ ಕುಳಿತು ಕೇಳುತ್ತಿದ್ದರು ಎಂದು ಅವನು ಬರೆದಿದ್ದ.